ಆಸ್ಟಿಯೋಪಥಿ ಚಿಕಿತ್ಸೆಗೆ ಮೊದಲ ಸಲ ಹೋಗುವವರು ಏನು ತಿಳಿದಿರಬೇಕು?

ಪ್ರಶ್ನೆ

ಮೂರು ತಿಂಗಳಿಂದ ಸೊಂಟ ನೋವು ಕಾಡುತ್ತಿದೆ. ವೈದ್ಯರು ಪರೀಕ್ಷಿಸಿ, ಗಾಬರಿಪಡುವಂಥದ್ದೇನೂ ಇಲ್ಲ, ಮಲಗಿಬಿಡದೆ ಓಡಾಡಿಕೊಂಡಿರಿ ಎಂದಿದ್ದಾರೆ. ಕೀಲು, ಸ್ನಾಯುಗಳನ್ನು ಕೈಯಿಂದಲೇ ಒತ್ತಿ, ಆಡಿಸಿ ಮಾಡುವ ಆಸ್ಟಿಯೋಪಥಿ ಚಿಕಿತ್ಸೆಯಿಂದ ತಮಗೆ ಗುಣವಾಯಿತೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರಿಂದ ಮುಂದಿನ ವಾರ ಹೋಗಲು ಸಮಯ ಗೊತ್ತುಮಾಡಿಕೊಂಡಿದ್ದೇನೆ. ಆದರೆ ಮೂಳೆಯನ್ನು ಲಟಕ್ಕನೆ ತಿರುಗಿಸುತ್ತಾರೆಂದು ಕೇಳಿ ಭಯವಾಗಿದೆ. ಅಲ್ಲಿ ಏನು ನಡೆಯುತ್ತದೆ, ನಾನು ಏನನ್ನು ಹೇಳಬೇಕು, ಏನನ್ನು ಕೇಳಬೇಕು ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಸ್ಥಿತಿಯಲ್ಲೇ ನಾನೂ ಇದ್ದೆ, ಆದ್ದರಿಂದ ಮೊದಲ ಭೇಟಿಯನ್ನು ನಡೆದಂತೆಯೇ ಬರೆಯುತ್ತೇನೆ. ಒಳಗೆ ಹೋದ ಕೂಡಲೇ ಮಂಚದ ಮೇಲೆ ಮಲಗಿಸಿ ಒತ್ತಲು ಶುರುಮಾಡುತ್ತಾರೆಂದು ನಾನು ತಿಳಿದಿದ್ದೆ. ಆದರೆ ಮುಕ್ಕಾಲು ಗಂಟೆಯ ಆ ಭೇಟಿಯಲ್ಲಿ ಅರ್ಧದಷ್ಟು ಸಮಯ ಬರೀ ಪ್ರಶ್ನೆಗಳಿಗೇ ಹೋಯಿತು. ನೋವು ಯಾವಾಗ ಶುರುವಾಯಿತು, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ ಎಂಬುದು ಸರಿ. ಜ್ವರ ಬರುತ್ತದೆಯೇ, ಕಾರಣವಿಲ್ಲದೆ ತೂಕ ಇಳಿದಿದೆಯೇ, ಮೂತ್ರ ಕಟ್ಟಿದಂತಾಗುತ್ತದೆಯೇ, ಹಿಂದೆ ಯಾವಾಗಲಾದರೂ ಕ್ಯಾನ್ಸರ್ ಆಗಿತ್ತೇ ಎಂದೆಲ್ಲ ಕೇಳಿದಾಗ, ಸೊಂಟ ನೋವಿಗೂ ಇದಕ್ಕೂ ಏನು ಸಂಬಂಧವೆಂದು ನನಗೆ ಸ್ವಲ್ಪ ಬೇಸರವೇ ಆಯಿತು. ಕೈ ಇಟ್ಟು ಮಾಡುವ ಚಿಕಿತ್ಸೆ ಯಾರಿಗೆ ಸಲ್ಲದು ಎಂಬುದನ್ನು ಸೋಸಿ ತೆಗೆಯುವ ಪ್ರಶ್ನೆಗಳೇ ಅವು ಎಂಬುದು ನನಗೆ ಬಹಳ ತಡವಾಗಿ ಅರ್ಥವಾಯಿತು. ಈಗ ಯಾರಾದರೂ ನನ್ನನ್ನು ವಿಚಾರಿಸಿದರೆ, ಈ ಪ್ರಶ್ನೆಗಳನ್ನು ಕೇಳದೆಯೇ ಮೈಮೇಲೆ ಕೈ ಹಾಕುವವರ ಬಳಿ ನಿಲ್ಲಬೇಡಿ ಎಂದೇ ಹೇಳುತ್ತೇನೆ.

ಅನಂತರ ನಿಲ್ಲಿಸಿ, ಹಿಂದಿನಿಂದ ನೋಡಿದರು. ಮುಂದಕ್ಕೆ ಬಾಗಲು ಹೇಳಿ ಬೆರಳು ಎಲ್ಲಿಯವರೆಗೆ ಇಳಿಯುತ್ತದೆಂದು ಗಮನಿಸಿದರು. ಅಂಗಾತ ಮಲಗಿಸಿ, ಕಾಲನ್ನು ಮಡಿಸದೆ ಮೆಲ್ಲಗೆ ಮೇಲಕ್ಕೆತ್ತುತ್ತಾ, ನೋವು ಎಲ್ಲಿ ಎಳೆಯುತ್ತದೆ ಎಂದು ಕೇಳಿದರು. ರಬ್ಬರಿನ ಸಣ್ಣ ಸುತ್ತಿಗೆಯಿಂದ ಮಂಡಿಯ ಕೆಳಗೆ ತಟ್ಟಿದರು. ಕೊನೆಗೆ ನನ್ನ ಕಾಲಿನ ಹೆಬ್ಬೆರಳನ್ನು ಅವರ ಬೆರಳಿನ ವಿರುದ್ಧ ಮೇಲಕ್ಕೆ ಒತ್ತಿ ಹಿಡಿಯಲು ಹೇಳಿದರು. ಬೆನ್ನಿನಿಂದ ಕಾಲಿಗೆ ಇಳಿಯುವ ನರಕ್ಕೆ ಒತ್ತಡ ಬಿದ್ದಿದ್ದರೆ ಆ ಬೆರಳು ಸೋಲುತ್ತದಂತೆ.

ಮೇಲುಡುಪು ತೆಗೆಯಬೇಕಾಗಿ ಬರಬಹುದು, ಬೆನ್ನನ್ನು ಕಣ್ಣಿಂದ ನೋಡದೆ ಪರೀಕ್ಷೆ ಪೂರ್ತಿಯಾಗುವುದಿಲ್ಲ. ಮುಜುಗರವಿದ್ದರೆ ಹೊದಿಕೆ ಕೇಳಬಹುದು, ಸಡಿಲವಾದ ಚಡ್ಡಿ ಧರಿಸಿ ಹೋಗಬಹುದು, ಜೊತೆಯಲ್ಲಿ ಮನೆಯವರನ್ನು ಕೂರಿಸಿಕೊಳ್ಳಬಹುದು. ಇದನ್ನು ಕೇಳಲು ಸಂಕೋಚಪಡಬೇಡಿ.

ಇನ್ನು ನಿಮ್ಮನ್ನು ಹೆದರಿಸಿರುವ ಲಟಕ್ ಶಬ್ದದ ವಿಷಯ. ಅದು ಮೂಳೆ ಮುರಿದ ಶಬ್ದವೂ ಅಲ್ಲ, ಜಾರಿದ ಮೂಳೆ ಮರಳಿ ಕೂತ ಶಬ್ದವೂ ಅಲ್ಲ. ಕೀಲಿನೊಳಗಿನ ದ್ರವದಲ್ಲಿ ಒತ್ತಡ ಫಕ್ಕನೆ ಇಳಿದಾಗ ಅನಿಲದ ಗುಳ್ಳೆಯಿಂದ ಬರುವ ಸದ್ದು. ಬೆರಳಿನ ನೆಟಿಗೆ ಮುರಿದಾಗ ಕೇಳುವುದೂ ಇದೇ. ಸದ್ದು ಬಂದರೆ ಚಿಕಿತ್ಸೆ ಫಲಿಸಿತು, ಬಾರದಿದ್ದರೆ ಇಲ್ಲ ಎಂಬ ಲೆಕ್ಕವೂ ಇಲ್ಲ. ಆ ಸದ್ದು ಬರುವಂತೆ ಕೀಲಿಗೆ ಕೊಡುವ ವೇಗದ ತಳ್ಳು ಆಸ್ಟಿಯೋಪಥಿಯ ಹಲವು ವಿಧಾನಗಳಲ್ಲಿ ಒಂದು ಮಾತ್ರ. ನನಗೆ ಮೊದಲ ದಿನ ಅದನ್ನು ಮಾಡಲೇ ಇಲ್ಲ. ಸ್ನಾಯುಗಳನ್ನು ಅಂಗೈಯಿಂದ ಉಜ್ಜಿ ಹದಗೊಳಿಸಿದರು. ಸೊಂಟದ ಕೀಲನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿದರು. ನಾನು ಕಾಲನ್ನು ಒಂದು ದಿಕ್ಕಿಗೆ ಒತ್ತುವುದು, ಅವರು ತಡೆಹಿಡಿಯುವುದು, ಕೆಲವು ಸೆಕೆಂಡಿನ ಮೇಲೆ ಸಡಿಲಬಿಟ್ಟಾಗ ಇನ್ನಷ್ಟು ಚಾಚುವುದು, ಹೀಗೊಂದು ಕ್ರಮವನ್ನೂ ಮಾಡಿಸಿದರು. ತಳ್ಳು ನಿಮಗೆ ಬೇಡವೆಂದರೆ ಬೇಡವೆಂದೇ ಹೇಳಿ, ಮೃದುವಾದ ಬೇರೆ ವಿಧಾನಗಳು ಇದ್ದೇ ಇವೆ.

ನನಗೆ ಯಾರೂ ಮುಂಚಿತವಾಗಿ ತಿಳಿಸದಿದ್ದ ಸಂಗತಿಯೊಂದಿದೆ. ಮರುದಿನ ಬೆಳಿಗ್ಗೆ ಎದ್ದರೆ ಮೈಯೆಲ್ಲ ಕಟ್ಟಿಗೆ ಒಡೆದವರಂತೆ ನೋಯುತ್ತಿತ್ತು, ಸ್ವಲ್ಪ ತಲೆನೋವೂ ಇತ್ತು. ಕೆಡಿಸಿಬಿಟ್ಟರೆಂದೇ ಭಾವಿಸಿ ಫೋನ್ ಮಾಡಿದೆ. ಒಂದೆರಡು ದಿನ ಇಂಥ ನೋವು, ಆಯಾಸ ಇರುವುದು ಸಾಮಾನ್ಯ, ಬಿಸಿನೀರಿನ ಶಾಖ ಕೊಟ್ಟು ಎಂದಿನಂತೆ ಓಡಾಡಿ ಎಂದರು. ಮೂರನೆಯ ದಿನ ಹಾಗೆಯೇ ಇಳಿಯಿತು. ಮೊದಲ ಭೇಟಿಯ ಮಾರನೆಯ ದಿನಕ್ಕೆ ಭಾರ ಎತ್ತುವ ಕೆಲಸವನ್ನು ಇಟ್ಟುಕೊಳ್ಳದಿರುವುದು ಒಳ್ಳೆಯದು.

ಉತ್ತರ 2

ನಾನು ಆಸ್ಟಿಯೋಪಾತ್ ಅಲ್ಲ, ಫಿಸಿಯೋಥೆರಪಿ ವೃತ್ತಿಯವಳು. ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತವಿದ್ದರೆ ಅದನ್ನು ಕಳೆದು ಓದಿಕೊಳ್ಳಿ.

ಮೊದಲನೆಯದಾಗಿ, ಆ ಹೆಸರಿನ ಹಿಂದೆ ಯಾವ ತರಬೇತಿ ಇದೆಯೆಂದು ವಿಚಾರಿಸಿ. ಈ ಪದ್ಧತಿಯನ್ನು 1874ರಲ್ಲಿ ಪ್ರಕಟಿಸಿದವರು ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್. ಅವರು 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಮೊದಲ ಶಾಲೆ ತೆರೆದರು. ಅಲ್ಲಿಂದ ಮುಂದೆ ಈ ವಿದ್ಯೆ ಎರಡು ಕವಲಾಗಿ ಬೆಳೆಯಿತು. ಅಮೆರಿಕದಲ್ಲಿ ಡಿ.ಒ. (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಪದವಿ ಪಡೆದವರು ಔಷಧ ಬರೆಯುವ, ಶಸ್ತ್ರಚಿಕಿತ್ಸೆ ಮಾಡುವ ಪೂರ್ಣ ಪ್ರಮಾಣದ ವೈದ್ಯರು. ಬ್ರಿಟನ್ನಿನಲ್ಲಿ ಆಸ್ಟಿಯೋಪಾತ್‌ಗಳು ಔಷಧ ವೈದ್ಯರಲ್ಲ, ಕೈಯಿಂದ ಚಿಕಿತ್ಸೆ ಮಾಡುವವರು. ಆದರೆ 1993ರ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದವರು ಅಲ್ಲಿ ಆ ಹೆಸರನ್ನು ಬಳಸುವಂತಿಲ್ಲ. ಇಂಥ ಕಾನೂನೇ ಇಲ್ಲದ ದೇಶಗಳಲ್ಲಿ ಕೆಲವು ವಾರಾಂತ್ಯಗಳ ಶಿಬಿರ ಮುಗಿಸಿದವರೂ ಅದೇ ಫಲಕ ತೂಗುಹಾಕಬಹುದು. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ, ವೈದ್ಯಕೀಯ ಹಿನ್ನೆಲೆ ಇಲ್ಲದವರಿಗೆ 4200 ಗಂಟೆಗಳ ಶಿಕ್ಷಣ, ಅದರೊಳಗೆ ಕನಿಷ್ಠ 1000 ಗಂಟೆ ಮೇಲ್ವಿಚಾರಣೆಯಲ್ಲಿ ರೋಗಿಗಳನ್ನು ನೋಡಿದ ಅಭ್ಯಾಸ ಇರಬೇಕೆಂದಿದೆ. ಎಲ್ಲಿ ಕಲಿತಿರಿ, ಎಷ್ಟು ವರ್ಷ ಕಲಿತಿರಿ ಎಂದು ಕೇಳಿದರೆ ಚೆನ್ನಾಗಿ ಕಲಿತವರು ಮುಖ ಕೆಡಿಸಿಕೊಳ್ಳುವುದಿಲ್ಲ.

ಎರಡನೆಯದು ಫಲದ ಮಾತು. ಸೊಂಟ ನೋವಿಗೆ ಕೈಚಿಕಿತ್ಸೆಯಿಂದ ಸ್ವಲ್ಪ ಮಟ್ಟಿನ ಉಪಶಮನ ಸಿಗಬಹುದು ಎಂಬುದಕ್ಕೆ ಆಧಾರವಿದೆ. ಆದರೆ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆಯ 2016ರ ಮಾರ್ಗಸೂಚಿಯು, ವ್ಯಾಯಾಮವನ್ನು ಒಳಗೊಂಡ ಚಿಕಿತ್ಸೆಯ ಭಾಗವಾಗಿ ಮಾತ್ರ ಇದನ್ನು ಪರಿಗಣಿಸಬಹುದೆಂದು ಹೇಳುತ್ತದೆ. ಮಂಚದ ಮೇಲೆ ಸಿಕ್ಕ ಹಗುರವನ್ನು ಬಳಸಿಕೊಂಡು ನಡೆಯಲು, ಬಾಗಲು, ಬಲ ತುಂಬಿಕೊಳ್ಳಲು ಶುರುಮಾಡದಿದ್ದರೆ ಆ ಹಗುರ ಹೆಚ್ಚು ದಿನ ಉಳಿಯುವುದಿಲ್ಲ. ಮನೆಯಲ್ಲಿ ಮಾಡಲು ಒಂದೂ ವ್ಯಾಯಾಮ ಹೇಳಿಕೊಡದೆ ಕಳಿಸಿದರೆ ನೀವೇ ಕೇಳಿ ಪಡೆಯಿರಿ. ತಲೆಬುರುಡೆಯನ್ನು ಹಗುರವಾಗಿ ಹಿಡಿದು ಅದರ ಮೂಳೆಗಳ ಸೂಕ್ಷ್ಮ ಚಲನೆಯ ಲಯವನ್ನು ಸರಿಪಡಿಸುತ್ತೇವೆನ್ನುವ ಶಾಖೆಯೂ ಇದರಲ್ಲಿದೆ. ಅಂಥ ಲಯವನ್ನು ಬೇರೆ ಬೇರೆ ಪರೀಕ್ಷಕರು ಒಂದೇ ರೀತಿ ಗುರುತಿಸಲು ಆಗಿಲ್ಲ. ಹಿತವೆನಿಸಬಹುದು, ಆದರೆ ಅದರ ಮೇಲೆ ಭರವಸೆ ಇಡಲು ನಾನಂತೂ ಹೇಳಲಾರೆ. ಆಸ್ತಮಾ, ಜೀರ್ಣದ ತೊಂದರೆ ಎಲ್ಲವನ್ನೂ ಬೆನ್ನುಮೂಳೆಯಿಂದಲೇ ವಾಸಿಮಾಡುವೆವೆಂಬ ಮಾತಿಗೂ ಇದೇ ಉತ್ತರ.

ಉತ್ತರ 3

ನಮ್ಮ ಅಮ್ಮನ ವಿಷಯದಲ್ಲಿ ತಪ್ಪು ನಮ್ಮದೇ. ಅವರು ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದಕ್ಕೂ ಮೊದಲು ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿದ್ದರು. ಭುಜ ನೋವಿಗೆಂದು ಹೋದಾಗ ಔಷಧಗಳ ಬಗ್ಗೆ ಕೇಳಿದ್ದಕ್ಕೆ ಅಮ್ಮ, “ಬಿ.ಪಿ. ಮಾತ್ರೆ ಬಿಟ್ಟರೆ ಇನ್ನೇನಿಲ್ಲ” ಎಂದರು. ಪಕ್ಕದಲ್ಲೇ ಕೂತಿದ್ದ ನಾನೂ, ಹೃದಯದ ಮಾತ್ರೆಗೂ ಭುಜಕ್ಕೂ ಏನು ಸಂಬಂಧವೆಂದು ಸುಮ್ಮನಿದ್ದೆ. ಮನೆಗೆ ಬಂದು ರವಿಕೆ ಬದಲಿಸುವಾಗ ನೋಡಿದರೆ, ಹೆಬ್ಬೆರಳು ಒತ್ತಿದ ಕಡೆಯೆಲ್ಲ ನೇರಳೆಹಣ್ಣು ಹಿಂಡಿದಂತೆ ಕಲೆಗಳು. ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಸ್ಟೀರಾಯ್ಡ್ ದೀರ್ಘಕಾಲ ತೆಗೆದುಕೊಂಡವರ ಮೂಳೆ ಟೊಳ್ಳಾಗಿರುತ್ತದೆ, ಜೋರಾಗಿ ಒತ್ತಿದ್ದರೆ ಪಕ್ಕೆಲುಬು ಬಿರುಕು ಬಿಡುತ್ತಿತ್ತು ಎಂದು ವೈದ್ಯರು ಆಮೇಲೆ ಗದರಿದರು. ಅಂದಿನಿಂದ ಎಲ್ಲ ಮಾತ್ರೆಗಳ ಹಾಳೆಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗುತ್ತೇವೆ. ನೀವೂ ಹಾಗೆಯೇ ಮಾಡಿ. ಗರ್ಭಿಣಿಯಾಗಿದ್ದರೆ, ಸಂಧಿವಾತವಿದ್ದರೆ, ಇತ್ತೀಚೆಗೆ ಬಿದ್ದಿದ್ದರೆ ಅದನ್ನೂ ಹೇಳಿ.

ಇನ್ನೊಂದು ಮಾತನ್ನು ಆ ವೈದ್ಯರೇ ಬಾಯಿಪಾಠ ಮಾಡಿಸಿದ್ದಾರೆ. ಸೊಂಟ ನೋವಿನ ಜೊತೆಗೆ ಕುಳಿತುಕೊಳ್ಳುವ ಜಾಗ, ತೊಡೆಯ ಒಳಭಾಗ ಮರಗಟ್ಟಿದರೆ, ಮೂತ್ರ ಮಲದ ಹಿಡಿತ ತಪ್ಪಿದರೆ, ಎರಡೂ ಕಾಲು ಸೋತು ಬಂದರೆ, ಆಸ್ಟಿಯೋಪಾತ್‌ಗಾಗಿ ಕಾಯದೆ ಆ ಗಳಿಗೆಯಲ್ಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಬೇಕು. ಕುತ್ತಿಗೆಯನ್ನು ತಿರುಗಿಸಿ ತಳ್ಳುವ ಚಿಕಿತ್ಸೆಯಾದ ಮೇಲೆ ಹಿಂದೆಂದೂ ಕಾಣದಂಥ ತಲೆನೋವು, ಮಾತು ತೊದಲುವುದು, ವಸ್ತು ಎರಡಾಗಿ ಕಾಣುವುದು, ನಡೆಯುವಾಗ ವಾಲುವುದು ಕಂಡರೂ ಅಷ್ಟೇ. ಕುತ್ತಿಗೆಯ ರಕ್ತನಾಳ ಒಳಗೆ ಸೀಳಿ ಪಾರ್ಶ್ವವಾಯುವಾಗುವುದು ಬಲು ಅಪರೂಪವಾದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಉತ್ತರ 4

ನನ್ನದು ಬೇರೆ ತರಹದ ಪಾಠ. ನಾನು ಹೋದ ಚಿಕಿತ್ಸಾಲಯದಲ್ಲಿ, ನಿಮ್ಮ ಒಂದು ಕಾಲು ಗಿಡ್ಡ, ಸೊಂಟದ ಮೂಳೆ ಓರೆ, ವಾರಕ್ಕೆರಡು ಸಲದಂತೆ ಇಪ್ಪತ್ತು ಸಲ ಬರಬೇಕು ಎಂದು ಮುಂಗಡವಾಗಿಯೇ ಹಣ ಕಟ್ಟಿಸಿಕೊಂಡರು. ಐದನೆಯ ಸಲಕ್ಕೆ ನೋವು ಹೋಗಿತ್ತು. ಆದರೂ ಬಿಡಲಿಲ್ಲ, ಓರೆ ಇನ್ನೂ ಇದೆ, ನಿಲ್ಲಿಸಿದರೆ ಮರಳುತ್ತದೆ ಎಂದರು. ಬೇರೆ ಕಡೆ ವಿಚಾರಿಸಿದಾಗ, ಕೆಲವು ಮಿಲಿಮೀಟರಿನ ವ್ಯತ್ಯಾಸ ಬಹುತೇಕ ಎಲ್ಲರ ಕಾಲಿನಲ್ಲೂ ಇರುತ್ತದೆಂದು ಗೊತ್ತಾಯಿತು. ಎಷ್ಟು ಸಲಕ್ಕೆ ವ್ಯತ್ಯಾಸ ಕಾಣಬೇಕು, ಕಾಣದಿದ್ದರೆ ಮುಂದೇನು ಎಂಬ ಎರಡು ಪ್ರಶ್ನೆಗಳನ್ನು ಮೊದಲ ದಿನವೇ ಕೇಳಿಬಿಡಿ. ಹಣವನ್ನು ಆಯಾ ಭೇಟಿಗೆ ಮಾತ್ರ ಕೊಡಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹೋಗಿ ಬಂದೆ. ಮಾತ್ರೆಗಳ ಚೀಲವನ್ನು ಮೇಜಿನ ಮೇಲಿಟ್ಟಾಗ ಅವರು ನಕ್ಕು, ಹೀಗೆ ತರುವವರು ಕಡಿಮೆ ಎಂದರು. ಎಷ್ಟು ಸಲ ಬರಬೇಕೆಂದು ಕೇಳಿದ್ದಕ್ಕೆ, ಮೂರು ಸಲ ನೋಡೋಣ, ಅಷ್ಟರಲ್ಲಿ ನಿಮಗೇ ವ್ಯತ್ಯಾಸ ತಿಳಿಯದಿದ್ದರೆ ಮತ್ತೆ ನಿಮ್ಮ ವೈದ್ಯರಿಗೇ ಪತ್ರ ಬರೆದು ಕಳಿಸುತ್ತೇನೆ ಎಂದರು. ತಳ್ಳು ಬೇಡವೆಂದೆ, ಮಾಡಲಿಲ್ಲ. ಮಂಡಿಯನ್ನು ಎದೆಗೆ ತಂದುಕೊಳ್ಳುವ ವ್ಯಾಯಾಮವನ್ನು ದಿನಕ್ಕೆರಡು ಹೊತ್ತು ಮಾಡಲು ಹೇಳಿದ್ದಾರೆ. ಇವತ್ತು ಬೆಳಿಗ್ಗೆ, ಮೊದಲನೆಯವರು ಬರೆದಂತೆಯೇ, ಮೈ ನೋಯುತ್ತಿದೆ. ಮುಂಚೆಯೇ ಓದಿದ್ದರಿಂದ ಫೋನ್ ಮಾಡಲಿಲ್ಲ.