ಪದಚರ್ಚೆ: ಯುದ್ಧಕಾಲದ ಕಾರ್ಟೂನ್ ಸಿನಿಮಾಗಳನ್ನು ‘ವ್ಯಂಗ್ಯಚಿತ್ರ’ ಅನ್ನಬಹುದಾ? ‘ಸ್ನಾಫು’ಗೆ ಕನ್ನಡದಲ್ಲಿ ಏನು?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ಎರಡು ಮಹಾಯುದ್ಧಗಳ ಕಾಲದಲ್ಲಿ ಬಂದ ಕಾರ್ಟೂನ್ ಸಿನಿಮಾಗಳ ಮೇಲೆ ಒಂದು ಲೇಖನ ಬರೆಯುತ್ತಿದ್ದೇನೆ. ಕರಡು ಓದಿದ ಗೆಳೆಯರೊಬ್ಬರು ‘ಕಾರ್ಟೂನ್ ಯಾಕೆ, ಎಲ್ಲ ಕಡೆ ವ್ಯಂಗ್ಯಚಿತ್ರ ಅಂತ ಹಾಕಿ’ ಅಂದರು. ನನಗೆ ಅದು ಒಪ್ಪಿಗೆಯಿಲ್ಲ.

ವ್ಯಂಗ್ಯಚಿತ್ರ ಅಂದ ಕೂಡಲೇ ನಮಗೆ ನೆನಪಾಗೋದು ಪತ್ರಿಕೆ. 1942ರಲ್ಲಿ ಶುರುವಾದ ಕೊರವಂಜಿ, ಅದಕ್ಕೆ ಚಿತ್ರ ಬರೆದ ಆರ್.ಕೆ. ಲಕ್ಷ್ಮಣ್. ಕಾಗದದ ಮೇಲೆ ಒಂದು ಚಿತ್ರ, ಕೆಳಗೆ ಒಂದು ಸಾಲು, ಅದರೊಳಗೊಂದು ಕುಟುಕು. ಸಿನಿಮಾಕ್ಕೂ ಅದೇ ಪದ ಹಾಕಿದರೆ ನಿಜವಾಗಿಯೂ ಗೊಂದಲ ಆಗುತ್ತೆ. ಮಕ್ಕಳ ಪುಸ್ತಕಗಳಿಂದ ಡಾ. ಸ್ಯೂಸ್ ಅಂತ ಹೆಸರಾದ ಥಿಯೋಡರ್ ಗೈಸೆಲ್ ಅವರನ್ನೇ ತಗೊಳ್ಳಿ. 1941ರಿಂದ 1943ರ ಶುರುವಿನವರೆಗೆ ನ್ಯೂಯಾರ್ಕಿನ ಪಿಎಂ ಪತ್ರಿಕೆಗೆ ಹಿಟ್ಲರನನ್ನು ಗೇಲಿ ಮಾಡುವ ಚಿತ್ರಗಳನ್ನು ಬರೆದರು. ಆಮೇಲೆ ಅಮೆರಿಕದ ಸೇನೆ ಸೇರಿ, ಸಿನಿಮಾ ನಿರ್ದೇಶಕ ಫ್ರಾಂಕ್ ಕಾಪ್ರಾ ಅವರ ತಂಡದಲ್ಲಿ ಸೈನಿಕರಿಗಾಗಿ ಕಾರ್ಟೂನ್ ಸಿನಿಮಾಗಳಿಗೆ ಕಥೆ ಬರೆದರು. ‘ಸ್ಯೂಸ್ ಯುದ್ಧಕಾಲದಲ್ಲಿ ವ್ಯಂಗ್ಯಚಿತ್ರ ಮಾಡಿದರು’ ಅಂತ ಬರೆದರೆ ಓದುವವರಿಗೆ ಯಾವುದು ಅಂತ ಗೊತ್ತಾಗಬೇಕು?

ಇನ್ನೂ ದೊಡ್ಡ ತೊಡಕು ಲ್ಯೂಸಿಟೇನಿಯಾದ್ದು. 1915ರ ಮೇ 7ರಂದು ಜರ್ಮನ್ ಜಲಾಂತರ್ಗಾಮಿಯೊಂದು ಐರ್ಲೆಂಡ್ ಹತ್ತಿರ ಆ ಪ್ರಯಾಣಿಕರ ಹಡಗನ್ನು ಮುಳುಗಿಸಿತು. ಸುಮಾರು 1,200 ಜನ ಸತ್ತರು. ಹಡಗು ಮುಳುಗಿದ್ದನ್ನು ಯಾರೂ ಕ್ಯಾಮೆರಾದಲ್ಲಿ ಹಿಡಿದಿರಲಿಲ್ಲ. ಅಮೆರಿಕದ ಚಿತ್ರಕಾರ ವಿನ್ಸರ್ ಮೆಕೇ ಆ ದೃಶ್ಯವನ್ನು ಕೈಯಲ್ಲೇ ಬರೆದು ಸಿನಿಮಾ ಮಾಡಿದರು. ಸುಮಾರು 25,000 ಚಿತ್ರಗಳು, 1918ರಲ್ಲಿ ಬಿಡುಗಡೆ. ಕಪ್ಪು ಹೊಗೆ ನಿಧಾನಕ್ಕೆ ಸುತ್ತಿಕೊಂಡು ಮೇಲೇಳುತ್ತೆ, ಹಡಗು ವಾಲುತ್ತೆ, ಜನ ಚುಕ್ಕೆಗಳ ಹಾಗೆ ನೀರಿಗೆ ಉದುರುತ್ತಾರೆ, ಕೊನೆಗೆ ಒಬ್ಬ ತಾಯಿ ತಾನು ಮುಳುಗುತ್ತಾ ಮಗುವನ್ನು ನೀರಿನ ಮೇಲಕ್ಕೆ ಎತ್ತಿ ಹಿಡಿದಿರುತ್ತಾಳೆ. ಜರ್ಮನರ ಮೇಲೆ ಸಿಟ್ಟು ಬರಿಸೋದೇ ಅದರ ಉದ್ದೇಶ, ಅದೇನೂ ಗುಟ್ಟಲ್ಲ. ಆದರೆ ಅದರಲ್ಲಿ ವ್ಯಂಗ್ಯ ಎಲ್ಲಿದೆ? ಅದನ್ನು ನೋಡಿದ ಯಾರ ಬಾಯಲ್ಲೂ ಆ ಮಾತು ಬರೋದಿಲ್ಲ.

ವ್ಯಂಗ್ಯ ಇರುವಂಥವೂ ಇವೆ, ಇಲ್ಲ ಅನ್ನೋಲ್ಲ. ಡಿಸ್ನಿಯವರ ‘ಡೆರ್ ಫ್ಯೂರರ್ಸ್ ಫೇಸ್’ನಲ್ಲಿ ಡೊನಾಲ್ಡ್ ಡಕ್ ನಾಜಿಗಳ ಊರಿನಲ್ಲಿ ಏಳುತ್ತಾನೆ. ಇರೋದೊಂದೇ ಕಾಫಿ ಬೀಜ. ಬಚ್ಚಿಟ್ಟ ಅದನ್ನು ದಾರಕ್ಕೆ ಕಟ್ಟಿ ಬಿಸಿನೀರಲ್ಲಿ ಅದ್ದಿ ತೆಗೆಯುತ್ತಾನೆ. ಬ್ರೆಡ್ಡು ಎಷ್ಟು ಗಟ್ಟಿ ಅಂದರೆ ಗರಗಸದಲ್ಲಿ ಕೊಯ್ಯಬೇಕು. ಆಮೇಲೆ ಕಾರ್ಖಾನೆ: ಒಂದರ ಹಿಂದೊಂದು ಬರುವ ಮದ್ದುಗುಂಡುಗಳಿಗೆ ತಿರುಪು ಬಿಗಿಯಬೇಕು, ನಡುನಡುವೆ ಹಿಟ್ಲರನ ಫೋಟೋ ಬಂದಾಗೆಲ್ಲ ಸಲಾಂ ಹೊಡೆಯಬೇಕು. 1942ನೇ ಸಾಲಿನ ಆಸ್ಕರ್ ಬಂತು ಇದಕ್ಕೆ. ಇದನ್ನು ವ್ಯಂಗ್ಯಚಿತ್ರ ಅಂದರೆ ನನ್ನ ತಕರಾರಿಲ್ಲ. ಆದರೆ ಇನ್ನೊಂದು ಚಿತ್ರ ಅದೇ ಡೊನಾಲ್ಡ್‌ನ ಮೂಲಕ ಜನರಿಗೆ ‘ಆದಾಯ ತೆರಿಗೆ ಹೊತ್ತಿಗೆ ಸರಿಯಾಗಿ ಕಟ್ಟಿ’ ಅಂತ ಹೇಳಿಕೊಡುತ್ತೆ. ಅದು ಸರ್ಕಾರದ ತಿಳುವಳಿಕೆ ಚಿತ್ರ, ಅಷ್ಟೇ.

‘ಅನಿಮೇಷನ್’ ಅಂತ ಹಾಕಿ ಮುಗಿಸಬಹುದು, ಸರಿ. ಆದರೆ ಈಗ ಆ ಪದ ಕೇಳಿದರೆ ಜಾಸ್ತಿ ಜನಕ್ಕೆ ಕಂಪ್ಯೂಟರೇ ಕಣ್ಣಿಗೆ ಬರುತ್ತೆ, ಆ ಕಾಲದ ಕೈಕೆಲಸ ಮರೆಯಾಗುತ್ತೆ. ಮನೆಯಲ್ಲಿ ಮಕ್ಕಳು ನೋಡೋದಕ್ಕೆ ನಾವು ಕಾರ್ಟೂನ್ ಅಂತಲೇ ಅನ್ನುತ್ತೇವೆ ಅಲ್ವಾ? ಜಪಾನಿನಲ್ಲಿ ಆಗ ಇವುಗಳಿಗೆ ‘ಮಂಗಾ ಎಯಿಗಾ’ ಅನ್ನುತ್ತಿದ್ದರು, ಮಂಗಾ ಸಿನಿಮಾ ಅಂತ; ಮಂಗಾ ಅಂದರೆ ಅಲ್ಲಿನ ಕಾರ್ಟೂನ್ ಚಿತ್ರಕಥೆ. 1945ರ ಏಪ್ರಿಲ್‌ನಲ್ಲಿ ಅಲ್ಲಿನ ನೌಕಾಪಡೆ ಮಾಡಿಸಿದ, ಮಿತ್ಸುಯೊ ಸೆಓ ನಿರ್ದೇಶನದ, ಅಲ್ಲಿನ ಜನಪದ ಕಥೆಯ ನಾಯಕ ಮೊಮೊತಾರೊನ ಚಿತ್ರ ಬಂತು. ಸುಮಾರು 74 ನಿಮಿಷದ್ದು. ಜಪಾನಿ ಪ್ರಾಣಿ-ಸೈನಿಕರು ದಕ್ಷಿಣದ ದ್ವೀಪದ ಪ್ರಾಣಿಗಳಿಗೆ ಹಾಡಿನಲ್ಲಿ ‘ಆ ಇ ಉ ಎ ಒ’ ಕಲಿಸುವ ದೃಶ್ಯ ಇದೆ ಅದರಲ್ಲಿ. ಭಾಷೆಯ ಮೇಲೆ ಆಸಕ್ತಿ ಇರೋರು ನೋಡಲೇಬೇಕು. ಎಷ್ಟು ಮುದ್ದಾಗಿದೆಯೋ ಅಷ್ಟೇ ಭಯ ಹುಟ್ಟಿಸುತ್ತೆ: ಗೆದ್ದವನ ಅಕ್ಷರ, ಸೋತವನ ಬಾಯಿ.

ನಾನು ಅಂದುಕೊಂಡಿರೋದು ಇಷ್ಟು. ಪತ್ರಿಕೆಯದ್ದಕ್ಕೆ ವ್ಯಂಗ್ಯಚಿತ್ರ, ಪರದೆಯದ್ದಕ್ಕೆ ಕಾರ್ಟೂನ್ ಸಿನಿಮಾ, ಲ್ಯೂಸಿಟೇನಿಯಾದಂಥದಕ್ಕೆ ‘ಕೈಯಲ್ಲಿ ಬರೆದ ಸಿನಿಮಾ’ ಅಂತ ಬಿಡಿಸಿ ಹೇಳೋದು. ಇದಕ್ಕಿಂತ ಚಿಕ್ಕದೊಂದು ಪದ ಇದ್ದರೆ ಹೇಳಿ. 1940ರ ದಶಕದ ಕನ್ನಡ ಪತ್ರಿಕೆಗಳಲ್ಲಿ ಮಿಕ್ಕಿ ಮೌಸ್ ಸಿನಿಮಾಗಳಿಗೆ ಏನಂತ ಬರೆಯುತ್ತಿದ್ದರು ಅಂತ ನೋಡಿದವರಿದ್ದರೆ ಇನ್ನೂ ಒಳ್ಳೆಯದು.

ಎರಡನೆಯದು ‘ಪ್ರೈವೇಟ್ ಸ್ನಾಫು’. ಪ್ರೈವೇಟ್ ಅಂದರೆ ಸೇನೆಯ ಸಾಮಾನ್ಯ ಸಿಪಾಯಿ. ಗೈಸೆಲ್ ಅವರು ಕಥೆ ಬರೆದರು ಅಂದೆನಲ್ಲ, ಅದೇ ಸರಣಿ. 1943ರಿಂದ 1945ರವರೆಗೆ, ಹೆಚ್ಚಿನವನ್ನು ಮಾಡಿದ್ದು ವಾರ್ನರ್ ಬ್ರದರ್ಸ್. ಸೈನಿಕರಿಗೆ ಮಾತ್ರ ತೋರಿಸುತ್ತಿದ್ದರು. ಸ್ನಾಫು ಮಾಡಬಾರದ್ದನ್ನೆಲ್ಲ ಮಾಡುವ ಸಿಪಾಯಿ. ಚಕ್ ಜೋನ್ಸ್ ನಿರ್ದೇಶಿಸಿದ ಒಂದರಲ್ಲಿ ಹಡಗು ಹೊರಡುವ ಗುಟ್ಟನ್ನು ಅಲ್ಲಿ ಒಂದು ಚೂರು, ಇಲ್ಲಿ ಒಂದು ಚೂರು ಬಾಯಿಬಿಡುತ್ತಾನೆ, ಶತ್ರುಗಳು ಎಲ್ಲ ಸೇರಿಸಿಕೊಂಡು ಅವನ ಹಡಗನ್ನೇ ಮುಳುಗಿಸುತ್ತಾರೆ. ನರಕಕ್ಕೆ ಹೋಗಿ ‘ಗುಟ್ಟು ಹೇಳಿದ್ದು ಯಾರು’ ಅಂತ ಕೂಗಾಡಿದರೆ ಅವನ ಮುಂದೆ ಕನ್ನಡಿ ಹಿಡಿಯುತ್ತಾರೆ.

ಹೆಸರು ಬಂದಿದ್ದು ಸೈನಿಕರ ಆಡುಮಾತಿನಿಂದ. ಐದು ಇಂಗ್ಲಿಷ್ ಪದಗಳ ಮೊದಲಕ್ಷರ. ಅರ್ಥ: ಪರಿಸ್ಥಿತಿ ಎಂದಿನಂತೇ ಇದೆ, ಎಲ್ಲ ಹದಗೆಟ್ಟಿದೆ. ನಾಲ್ಕನೇ ಪದ ಅಸಲಿಗೆ ಬೈಗುಳ, ಪರದೆ ಮೇಲೆ ಅದನ್ನು ಸ್ವಲ್ಪ ಮೆತ್ತಗೆ ಮಾಡಿ ‘ಸಿಚುಯೇಶನ್ ನಾರ್ಮಲ್, ಆಲ್ ಫೌಲ್ಡ್ ಅಪ್’ ಅಂದರು. ಹೆಸರಿಗೆ ‘ಸಿಪಾಯಿ ಎಡವಟ್ಟು’ ಚೆನ್ನಾಗಿ ಕೂರುತ್ತೆ ಅನ್ಸುತ್ತೆ. ಅರ್ಥ ಬಿಡಿಸುವಾಗ ‘ಎಲ್ಲ ಮಾಮೂಲಿ, ಎಕ್ಕುಟ್ಟೋಗಿದೆ’ ಅನ್ನೋದು ನನಗೆ ಇಷ್ಟ. ‘ಅಸ್ತವ್ಯಸ್ತ’ ಅಂದರೆ ಕಚೇರಿ ಕಡತದ ವಾಸನೆ ಬರುತ್ತೆ. ಆದರೆ ಎಕ್ಕುಟ್ಟು ಹೋಗೋದು ಬೆಂಗಳೂರು, ಮಂಡ್ಯ ಕಡೆಯ ಮಾತು. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ಇಂಥ ಹೊತ್ತಲ್ಲಿ ಏನಂತೀರಿ? ಸೇನೆಯಲ್ಲಿದ್ದ ಕನ್ನಡಿಗರು ಯಾರಾದರೂ ಇದ್ದರೆ, ನಿಮ್ಮ ಬ್ಯಾರಕ್ಕಿನಲ್ಲಿ ಓಡಾಡುತ್ತಿದ್ದ ಪದವನ್ನು ಬೈಗುಳವಾದರೂ ಸರಿ, ಹಾಗೇ ಬರೆದು ಕಳಿಸಿ.