ಬಿಟ್ಟ ಸ್ಥಳ ತುಂಬಿದರೆ ಎಲ್ಲ ಸರಿ, ಸ್ವಂತ ವಾಕ್ಯದಲ್ಲಿ ಮಾತ್ರ ತಪ್ಪು. ಯಾಕೆ?

ಪ್ರಶ್ನೆ:
ಇಂಗ್ಲಿಷ್ ಗ್ರಾಮರ್ ಪುಸ್ತಕ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದೇನೆ. ಪಾಠದ ಕೊನೆಯಲ್ಲಿ ಬರುವ ‘ಬಿಟ್ಟ ಸ್ಥಳ ತುಂಬಿರಿ’ ವಾಕ್ಯಗಳೆಲ್ಲ ಸರಿ ಬರುತ್ತವೆ. ಆದರೆ ಆಫೀಸಿನ ಮೇಲ್ ಬರೆಯುವಾಗ ‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ’ ಅಂತಲೇ ಕೈ ಓಡುತ್ತದೆ. ನಿಯಮ ಕೇಳಿದರೆ ಬಾಯಿಪಾಠ ಒಪ್ಪಿಸುತ್ತೇನೆ! ಇನ್ನೂ ಜಾಸ್ತಿ ವಾಕ್ಯ ಮಾಡಬೇಕಾ, ಅಥವಾ ಮಾಡುವ ರೀತಿಯೇ ಬದಲಾಗಬೇಕಾ? ‘ಗ್ರಾಮರ್ ಬಿಡಿ, ಸುಮ್ನೆ ಮಾತಾಡಿ’ ಅನ್ನುವ ಸಲಹೆ ಬೇಡ.

ಉತ್ತರ 1:
ದಿನಾ ಒಂದಿಷ್ಟು ಇಂಗ್ಲಿಷ್ ಓದಿ. ತಾನಾಗಿ ಕೂರುತ್ತದೆ.

ಉತ್ತರ 2:
ಓದುವುದು ಒಳ್ಳೆಯದೇ, ಆದರೆ ಇವರು ಕೇಳಿದ್ದು ಅದಲ್ಲ. ಕೆಲಸಕ್ಕೆ ಹೋಗುವವರಿಗೆ ಸಂಜೆ ಹೊತ್ತು ಗ್ರಾಮರ್ ಹೇಳಿಕೊಡುತ್ತೇನೆ, ಇದನ್ನು ದಿನವೂ ನೋಡುತ್ತೇನೆ. ಪಾಠದ ತಲೆಬರಹವೇ ‘ಪ್ರೆಸೆಂಟ್ ಪರ್ಫೆಕ್ಟ್’ ಅಂತಿದ್ದರೆ ಕೆಳಗಿನ ಅಷ್ಟೂ ವಾಕ್ಯಕ್ಕೆ ಹ್ಯಾವ್ ಅಥವಾ ಹ್ಯಾಸ್ ತಾನೇ? ಅಲ್ಲಿ ನೀವು ಯಾವ ಕಾಲ ಅಂತ ಯೋಚಿಸುವುದೇ ಇಲ್ಲ, ಕ್ರಿಯಾಪದದ ರೂಪ ಬರೆದು ಮುಂದೆ ಹೋಗುತ್ತೀರಿ. ಮೇಲ್ ಬರೆಯುವಾಗ ತಲೆಬರಹ ಕೊಡುವವರು ಯಾರು?

ಅದಕ್ಕೇ ಸಿಂಪಲ್ ಪಾಸ್ಟ್ (‘ಐ ಸೆಂಟ್’), ಪ್ರೆಸೆಂಟ್ ಪರ್ಫೆಕ್ಟ್ (‘ಐ ಹ್ಯಾವ್ ಸೆಂಟ್’), ಪಾಸ್ಟ್ ಪರ್ಫೆಕ್ಟ್ (‘ಐ ಹ್ಯಾಡ್ ಸೆಂಟ್’) ಮೂರರ ವಾಕ್ಯಗಳನ್ನೂ ಚೀಟಿಗಳಲ್ಲಿ ಬರೆದು ಕಲಸಿಬಿಡಿ. ಉತ್ತರಕ್ಕೆ ಮೊದಲು ಹೊತ್ತು ಹೇಳುವ ಪದದ ಕೆಳಗೆ ಗೆರೆ ಎಳೆಯಿರಿ. ಯೆಸ್ಟರ್‌ಡೇ, ಲಾಸ್ಟ್ ವೀಕ್, ಟೂ ಡೇಸ್ ಅಗೋ, ಇನ್ 2019: ಇವೆಲ್ಲ ಮುಗಿದ ಹೊತ್ತು, ಹ್ಯಾವ್ ಸೇರುವುದಿಲ್ಲ. ‘ಐ ಸೆಂಟ್ ದ ಫೈಲ್ ಯೆಸ್ಟರ್‌ಡೇ.’ ಯಾವಾಗ ಅನ್ನದೆ ಕೆಲಸ ಆಗಿದೆ ಅಂತಷ್ಟೇ ಹೇಳುವುದಾದರೆ ‘ಐ ಹ್ಯಾವ್ ಸೆಂಟ್ ದ ಫೈಲ್’. ಕನ್ನಡದಲ್ಲಿ ‘ನಿನ್ನೆಯೇ ಕಳಿಸಿದ್ದೇನೆ’ ಸರಿಯಾಗೇ ಇದೆ, ಕೈ ಜಾರುವುದು ಅಲ್ಲೇ. ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಕೂಡ ಇದೇ ಜಾತಿಯದು. ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಆಗಬೇಕು. ಯಾವಾಗಿನಿಂದ ಅನ್ನುವುದಕ್ಕೆ ಸಿನ್ಸ್, ಎಷ್ಟು ಕಾಲ ಅನ್ನುವುದಕ್ಕೆ ಫಾರ್.

ಮತ್ತೆ, ಒಂದು ಪದ ತುಂಬಿ ಬಿಡಬೇಡಿ. ವಾಕ್ಯ ಪೂರ್ತಿ ಬರೆಯಿರಿ, ಅದನ್ನೇ ಪ್ರಶ್ನೆ ಮಾಡಿ, ಆಮೇಲೆ ನಾಟ್ ಸೇರಿಸಿ ಬರೆಯಿರಿ. ‘ಡಿಡ್ ಯೂ ಸೆಂಡ್’, ‘ಐ ಡಿಡ್ ನಾಟ್ ಸೆಂಡ್’. ಡಿಡ್ ಬಂದ ಮೇಲೂ ‘ಸೆಂಟ್’ ಬರೆಯುವವರಿಗೆ ಲೆಕ್ಕವಿಲ್ಲ. ಪ್ಯಾಸಿವ್ ವಾಯ್ಸ್‌ಗೆ ಬದಲಿಸುವ ಉದ್ದುದ್ದ ಪಟ್ಟಿಗಳ ಮೇಲೆ ನನಗೇನೂ ಪ್ರೀತಿಯಿಲ್ಲ. ಪರೀಕ್ಷೆಗೆ ಬೇಕಾದರೆ ಮಾಡಿ.

ಉತ್ತರ 3:
ಮೇಡಂ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಅಮೆರಿಕದವರು ‘ಐ ಆಲ್ರೆಡಿ ಸೆಂಟ್ ಇಟ್’ ಅಂತಲೂ ಬರೆಯುತ್ತಾರೆ. ಬ್ರಿಟಿಷ್ ಪುಸ್ತಕಗಳಲ್ಲಿ ಅಲ್ಲಿ ಸಾಮಾನ್ಯವಾಗಿ ಹ್ಯಾವ್ ಇರುತ್ತದೆ. ಉತ್ತರದ ಪುಟದಲ್ಲಿ ಬೇರೆ ಕಂಡರೆ ಗಾಬರಿ ಬೇಡ. ‘ಹ್ಯಾವ್ ಸೆಂಟ್ ಯೆಸ್ಟರ್‌ಡೇ’ ಮಾತ್ರ ಇಬ್ಬರಿಗೂ ಸರಿಯಲ್ಲ.

ಪ್ರಶ್ನೆ ಕೇಳಿದವರು:
ಚೀಟಿ ಇವತ್ತೇ ಮಾಡುತ್ತೇನೆ. ಆದರೆ ‘ಟುಡೇ’ ಮುಗಿದ ಹೊತ್ತಾ, ಅಲ್ವಾ?

ಉತ್ತರ 2:
ಎರಡೂ ನಡೆಯುತ್ತದೆ. ದಿನ ಇನ್ನೂ ಉಳಿದಿದೆ, ಮತ್ತೂ ಕಳಿಸಬಹುದು ಅಂತಿದ್ದರೆ ‘ಐ ಹ್ಯಾವ್ ಸೆಂಟ್ ತ್ರೀ ಮೇಲ್ಸ್ ಟುಡೇ’. ರಾತ್ರಿ ಕೆಲಸ ಮುಗಿಸಿ ಹೇಳುವಾಗ ‘ಐ ಸೆಂಟ್’ ಅಂದರೂ ಸರಿ. ಈ ಚೀಟಿಗೆ ಎರಡೂ ಉತ್ತರ ಬರೆದಿಡಿ.