ಆಫೀಸಿನ ಕ್ವಿಜ್ ಸಂಜೆ: ಹೋಗಿ ಬಂದವರು ಹೇಳಿ

ಶಿವಮೊಗ್ಗದವನು:
ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಮೂರು ವಾರ. ಬರೋ ಶುಕ್ರವಾರ ಸಂಜೆ ಆಫೀಸಲ್ಲಿ ಕ್ವಿಜ್ ಅಂತೆ, ಚೀಟಿ ಎತ್ತಿ ನಾಲ್ಕು ನಾಲ್ಕು ಜನರ ಟೀಮ್ ಮಾಡ್ತಾರಂತೆ. ಮನೇಲಿ ಚಂದನದಲ್ಲಿ ‘ಥಟ್ ಅಂತ ಹೇಳಿ’ ನೋಡುವಾಗ ಅಪ್ಪನಿಗಿಂತ ಮುಂಚೆ ಉತ್ತರ ಹೇಳ್ತಿದ್ದವನು ನಾನು. ಆದರೆ ಇಲ್ಲಿ ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ ಓದಿದವನು ನಾನೊಬ್ಬನೇ ಇರಬೇಕು. ಇಂಗ್ಲಿಷ್ ಹಾಡು, ಸೀರೀಸ್ ಒಂದೂ ಗೊತ್ತಿಲ್ಲ. ಟೀಮಿಗೆ ಮ್ಯಾನೇಜರೇ ಬಿದ್ದರೆ? ತಲೆನೋವು ಅಂತ ಹೇಳಿ ಮನೆಗೆ ಹೋಗಿಬಿಡಲಾ?

ಕೆಜಿಎಫ್ ಹುಡುಗಿ:
ತಲೆನೋವು ಬೇಡ ತಮ್ಮಾ, ಹೋಗು. ನನ್ನ ಮೊದಲ ಕ್ವಿಜ್‌ನ ಪ್ರಶ್ನೆ ಇದು: 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟ್ ಉತ್ಪಾದನೆ ಶುರುವಾದಾಗ ಅದು ಮೊದಲು ಹೋಗಿದ್ದು ಎಲ್ಲಿಗೆ? ನಮ್ಮ ತಾತ ಚಿನ್ನದ ಗಣಿಯಲ್ಲಿದ್ದವರು. ಬೆಂಗಳೂರಿನ ಬೀದಿಗೆ 1905ರಲ್ಲಿ ದೀಪ ಬಂತು, ನಮಗೆ ಅದಕ್ಕೂ ಮೂರು ವರ್ಷ ಮುಂಚೆ ಕರೆಂಟ್ ಬಂದಿತ್ತು ಅಂತ ಮನೆಗೆ ಬಂದ ನೆಂಟರಿಗೆಲ್ಲ ಹೇಳೋರು. ಟೀಮಿನ ಹಿರಿಯರೊಬ್ಬರು ಗಟ್ಟಿಯಾಗಿ ‘ಮೈಸೂರು ಅರಮನೆ’ ಅಂದರು. ನನ್ನ ಬಾಯಿಗೆ ಬಂದ ‘ಕೆಜಿಎಫ್’ ಗಂಟಲಲ್ಲೇ ಉಳಿಯಿತು. ಅಷ್ಟು ಗಟ್ಟಿಯಾಗಿ ಹೇಳ್ತಿದಾರೆ ಅಂದರೆ ಗೊತ್ತಿರಲೇಬೇಕು ಅಂದುಕೊಂಡೆ. ತಪ್ಪಾಯಿತು. ಮಾರನೇ ದಿನ ಟೀ ಕುಡಿಯುವಾಗ ನಮ್ಮೂರು ಯಾವುದು ಅಂತ ಅದೇ ಹಿರಿಯರು ಕೇಳಿದರು. ಹೇಳಿದೆ. ಅವರು ನನ್ನ ಮುಖ ನೋಡಿದ ರೀತಿ ಇವತ್ತಿಗೂ ಮರೆತಿಲ್ಲ!

ಕ್ವಿಜ್ ಹುಚ್ಚ:
ಬೆಂಗಳೂರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ 1983ರಿಂದ ಇದೆ. ಅಲ್ಲಿ ಪಳಗಿದವರು ಯಾರಾದರೂ ನಿಮ್ಮ ಆಫೀಸಲ್ಲಿ ಕ್ವಿಜ್ ನಡೆಸ್ತಿದ್ದರೆ ನಿಮ್ಮ ಅದೃಷ್ಟ. ರಾಜಧಾನಿ, ಕರೆನ್ಸಿ ಬಾಯಿಪಾಠ ಮಾಡಿದವರಿಗೆ ಅಂಥ ಕಡೆ ಲಾಭ ಕಡಿಮೆ. ಸುಳಿವು ಪ್ರಶ್ನೆಯಲ್ಲೇ ಅಡಗಿರುತ್ತೆ, ಸ್ಲೈಡನ್ನು ಎರಡು ಸಲ ಓದಿ. ‘ಪೌನ್ಸ್’ ಅಂದರೆ ಗಾಬರಿಯಾಗಬೇಡಿ: ನಿಮ್ಮ ಸರದಿ ಬರೋಕೆ ಮುಂಚೆಯೇ ಚೀಟಿಯಲ್ಲಿ ಉತ್ತರ ಬರೆದುಕೊಡೋದು. ಸರಿಯಾದರೆ ಅಂಕ, ತಪ್ಪಾದರೆ ಸಾಮಾನ್ಯವಾಗಿ ಕಡಿತ. ಕಡಿತ ಎಷ್ಟು ಅಂತ ಮೊದಲೇ ಕೇಳಿಟ್ಟುಕೊಳ್ಳಿ, ಕೇಳೋದಕ್ಕೆ ನಾಚಿಕೆ ಬೇಡ.

ಲಂಡನ್ನಿಂದ:
ಇಲ್ಲಿ ಕೆಲಸಕ್ಕೆ ಸೇರಿದ ಎರಡನೇ ವಾರವೇ ನನ್ನನ್ನು ಪಬ್ ಕ್ವಿಜ್‌ಗೆ ಕರೆದುಕೊಂಡು ಹೋದರು. ಇಲ್ಲಿನ ಧಾರಾವಾಹಿ, ಎಂಬತ್ತರ ದಶಕದ ಪಾಪ್ ಹಾಡು. ನನಗೆ ಸೊನ್ನೆ. ಸುಮ್ಮನೆ ಕೂರಲಾರದೆ ಪೆನ್ ಇಸ್ಕೊಂಡು ‘ನಾನು ಬರೀತೀನಿ’ ಅಂದೆ. ಪೆನ್ ಹಿಡಿದವನ ಕಿವಿಗೆ ಎಲ್ಲರೂ ಬಂದು ಹೇಳಲೇಬೇಕಲ್ಲ, ಅರ್ಧ ಗಂಟೆಯಲ್ಲಿ ಐದೂ ಜನರ ಪರಿಚಯವಾಯಿತು. ಕೊನೆಗೊಂದು ಕ್ರಿಕೆಟ್ ಪ್ರಶ್ನೆ: 1974ರಲ್ಲಿ ಲಾರ್ಡ್ಸ್‌ನಲ್ಲಿ ಭಾರತ ಎಷ್ಟಕ್ಕೆ ಆಲೌಟ್? 42. ಮಾನ ಹೋದ ಲೆಕ್ಕ, ಟೀಮಿಗೆ ಮಾತ್ರ ಒಂದು ಅಂಕ. ಮತ್ತೆ, ಫೋನ್ ಜೇಬಿನಿಂದ ತೆಗೆಯಲೇಬೇಡಿ. ಮನೆಯಿಂದ ಮೆಸೇಜ್ ಬಂದಿದ್ದು ಅಂದರೂ ಪಕ್ಕದ ಟೇಬಲ್‌ನವರು ನಂಬಲ್ಲ.

ಹುಬ್ಬಳ್ಳಿಯಿಂದ:
ಎಲ್ಲಾ ಕಡೆ ಹಿಂಗ ಇರೂದಿಲ್ರೀ. ನಮ್ಮ ಆಫೀಸಿನ್ಯಾಗ ಇಬ್ಬರ ಆಡಿದರು, ಉಳಿದವರು ಸಮೋಸಾ ತಿಂದು ಎದ್ದು ಬಂದ್ವಿ. ಬ್ಯಾಸರಾದ್ರ ಬ್ಯಾಸರ, ಅದಕ್ಕ ಯಾರೂ ನೌಕ್ರಿ ಕಸ್ಗೊಳ್ಳೂದಿಲ್ಲ.

ಶಿವಮೊಗ್ಗದವನು:
ಹೋಗಿ ಬಂದೆ. ಏಳು ಟೀಮಲ್ಲಿ ಐದನೇ ಸ್ಥಾನ. ಭಯಪಟ್ಟ ಹಾಗೇ ಮ್ಯಾನೇಜರ್ ನನ್ನ ಟೀಮೇ. ಮೊದಲರ್ಧ ಬಾಯಿಗೆ ಬೀಗ. ಆಮೇಲೆ ನಾಲ್ಕು ಚಿತ್ರ ಬಂದವು: ಒಬ್ಬ ರಾಜ, ಒಬ್ಬ ರಾಣಿ, ಗರ್ಜಿಸುವ ಸಿಂಹ, ಒಂದು ರಾಕೆಟ್. ಇವಕ್ಕೇನು ಸಂಬಂಧ? ನಮ್ಮವರೊಬ್ಬರು ಯಾರೋ ಇಂಗ್ಲಿಷ್ ಗಾಯಕನ ಹೆಸರು ಹೇಳಿದರು, ಇನ್ನೊಬ್ಬರು ಚೆಸ್ ಅಂದರು. ಕೆಜಿಎಫ್ ಅಕ್ಕ ನೆನಪಾದರು. ‘ಸಾರ್, ಜೋಗ ಇರಬಹುದಾ? ರಾಜ, ರಾಣಿ, ರೋರರ್, ರಾಕೆಟ್’ ಅಂದೆ, ದನಿ ನಡುಗ್ತಾನೇ ಇತ್ತು. ಮ್ಯಾನೇಜರ್ ಚೀಟಿ ಕಿತ್ತುಕೊಂಡು ಬರೆದೇಬಿಟ್ಟರು. ಪೌನ್ಸ್!

ಸೋಮವಾರ ಲಿಫ್ಟಲ್ಲಿ ಸಿಕ್ಕಾಗ ‘ಏನ್ರೀ ಜೋಗ, ಮಳೆ ಶುರುವಾಯ್ತಾ ನಿಮ್ಮೂರಲ್ಲಿ?’ ಅಂತ ಕೇಳಿದರು.